ಆರನೇ ಪ್ರಶ್ನೆ

ಆ ಆಫೀಸಿನಲ್ಲಿ ಅವಳನ್ನು ಎಲ್ಲರೂ ಎಂಟ್ರಿ ಅಂತಲೇ ಕರೆಯುತ್ತಿದ್ದರು. ಮನೆಮನೆಯಿಂದ ಬಂದ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ; ಆರು ವರ್ಷದಲ್ಲಿ ಕೆಲಸವೇ ಹೆಸರಾಗಿ ಅಂಟಿಕೊಂಡಿತ್ತು. ಆಫೀಸಿನದು ದೊಡ್ಡ ಉದ್ದೇಶ, ನಗಬೇಡಿ: ಮನಸ್ಸಿನ ಕಾಯಿಲೆ ಬಂದವರನ್ನು ಜನ ಯಾಕೆ ದೂರ ಇಡುತ್ತಾರೆ, ಆ ದೂರ ಹೇಗೆ ಕಮ್ಮಿ ಮಾಡೋದು ಅಂತ ಸಂಶೋಧನೆ. ಹುಚ್ಚು ಅನ್ನೋ ಮಾತು ಇಲ್ಲಿ ಆಡಬಾರದು ಅಂತ ಮೇಡಂ ಗೋಡೆಗೆ ಬೋರ್ಡು ಹಾಕಿಸಿದ್ದರು. ಪ್ರಿಂಟರು ಕಾಗದ ಕಚ್ಚಿಕೊಂಡಾಗಲೆಲ್ಲ ಅದೇ ಬೋರ್ಡಿನ ಕೆಳಗೆ ನಿಂತು, "ಥತ್, ಹುಚ್ಚು ಹಿಡಿದಿದೆ ಇದಕ್ಕೆ!" ಅಂತ ಎಲ್ಲರೂ ಕೂಗುತ್ತಿದ್ದರು. ಎಂಟ್ರಿಯೂ ಕೂಗುತ್ತಿದ್ದಳು. ಸುಮ್ಮನಿದ್ದರೆ ಯಾರಿಗಾದರೂ ಅನುಮಾನ ಬಂದೀತು ಅಂತ ಅವಳಿಗೆ ಪುಕುಪುಕು.

ಯಾಕೆಂದರೆ ಹನ್ನೊಂದು ವರ್ಷದ ಹಿಂದೆ ಅವಳೇ ಹದಿನೈದು ವಾರ ಮನಸ್ಸಿನ ಕಾಯಿಲೆಯ ಆಸ್ಪತ್ರೆಯ ಹಾಸಿಗೆ ಮೇಲೆ ಇದ್ದು ಬಂದವಳು. ಗೋಡೆಯಾಚೆ ಜನ ತನ್ನ ವಿಷಯವೇ ಮಾತಾಡುತ್ತಿದ್ದಾರೆ ಅಂತ ಆಗ ಹಗಲೆಲ್ಲ ಕೇಳುತ್ತಿತ್ತು. ಅವಳಣ್ಣ ನೆಂಟರಿಗೆಲ್ಲ "ಟ್ರೈನಿಂಗಿಗೆ ಹೋಗಿದ್ದಾಳೆ" ಅಂದಿದ್ದ. ಏನು ಟ್ರೈನಿಂಗೋ, ಹದಿನೈದು ವಾರವಾದರೂ ಒಂದು ಸರ್ಟಿಫಿಕೇಟು ಬರಲಿಲ್ಲ! ಈಗ ಚೆನ್ನಾಗಿದ್ದಾಳೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಮಾತ್ರೆ, ಅಷ್ಟೇ. ಕೇಳಿದವರಿಗೆ ಥೈರಾಯ್ಡಿಗೆ ಅನ್ನುತ್ತಾಳೆ. ಒಂದೇ ಕೋಣೆಯ ಮನೆ, ಒಂದೇ ತಟ್ಟೆ, ಒಂದೇ ಲೋಟ. ಭಾನುವಾರ ಅಣ್ಣ ಫೋನು ಮಾಡಿ "ತಗೋತಾ ಇದೀಯ ತಾನೇ?" ಅಂತಾನೆ. ಇವಳು "ಹೂಂ" ಅಂತಾಳೆ. ಅಲ್ಲಿಗೆ ವಾರದ ಬಂಧುಬಳಗ ಮುಗಿಯಿತು.

ಉಳಿದವಳು ಗಿರಗಿಟ್ಲೆ. ಫಾರಂ ಹಿಡಿದು ಬೀದಿ ಬೀದಿ ತಿರುಗುವ ಹೆಂಗಸು, ಎಂಟ್ರಿಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಹೋಗಿ ಬಹಳ ಕಾಲವಾಗಿತ್ತು. ಬಾಯಿ ಅಂದರೆ ಬಾಯಿ! ಯಾವ ಮನೆಯ ನಾಯಿ ಕಾಲು ಹಿಡಿಯಿತು, ಯಾವ ಮನೆಯ ಅತ್ತೆ ಸೊಸೆಯ ಉತ್ತರವನ್ನೂ ತಾನೇ ಹೇಳಿದಳು, ಎಲ್ಲವನ್ನೂ ಊಟದ ಹೊತ್ತಿನಲ್ಲಿ ಒದರುತ್ತಿದ್ದಳು. ಆರು ವರ್ಷ ಇಬ್ಬರೂ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ಉಂಡಿದ್ದರು. ಈ ಭೂಮಿ ಮೇಲೆ ಒಬ್ಬರಿಗಾದರೂ ನಿಜ ಹೇಳಬೇಕು, ಹೇಳಿದರೆ ಈ ಅಕ್ಕನಿಗೇ, ಅಂತ ಎಂಟ್ರಿ ಈ ವರ್ಷ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಹೊಸ ಫಾರಂ ಬಂತು. ಯಾವುದೇ ಫಾರಂ ಹೊರಗೆ ಹೋಗುವ ಮೊದಲು ಆಫೀಸಿನವರೇ ತುಂಬಿ ನೋಡುವುದು ಅಲ್ಲಿನ ಪದ್ಧತಿ. ಮೇಡಂ ಬಿಟ್ಟು ಎಂಟು ಜನ, ಎಂಟು ಫಾರಂ. ಹೆಸರು ಬರೆಯುವಂತಿಲ್ಲ, ಗುಟ್ಟಿನ ನಂಬರು ಮಾತ್ರ. ಅಂಥವರಿಗೆ ಮನೆ ಬಾಡಿಗೆಗೆ ಕೊಡ್ತೀರಾ? ಪಕ್ಕದಲ್ಲಿ ಕೆಲಸ ಮಾಡ್ತೀರಾ? ಆರನೇ ಪ್ರಶ್ನೆ: ಅಂಥವರ ಜೊತೆ ಕೂತು ಊಟ ಮಾಡ್ತೀರಾ? ಕೊನೆಯದು: ಅಂಥವರು ಯಾರಾದರೂ ನಿಮಗೆ ಹತ್ತಿರದಿಂದ ಗೊತ್ತಾ?

ಗುಟ್ಟಂತೆ ಗುಟ್ಟು! ಆರು ವರ್ಷದಿಂದ ಇವರೆಲ್ಲರ ಕೈಬರಹವನ್ನೇ ನೋಡುತ್ತಾ ಕೂತವಳಿಗೆ ಯಾರ ಟಿಕ್ಕು ಯಾವುದು ಅಂತ ಗೊತ್ತಾಗುವುದಿಲ್ಲವೇ? ಡ್ರೈವರಣ್ಣನದು ಪೆನ್ನು ಒತ್ತಿ ಕಾಗದವನ್ನೇ ಹರಿಯುವ ಟಿಕ್ಕು. ಲೆಕ್ಕಾಚಾರ ಮಾಡುವ ಮೇಷ್ಟ್ರದು ಸೊಳ್ಳೆಯಷ್ಟು. ಗಿರಗಿಟ್ಲೆಯದು ಉದ್ದ ಬಾಲದ ಟಿಕ್ಕು, ಚೌಕ ದಾಟಿ ಪಕ್ಕದ ಸಾಲಿಗೂ ನುಗ್ಗುವಂಥದ್ದು. ಆ ಬಾಲ ಆರನೇ ಪ್ರಶ್ನೆಯಲ್ಲಿ 'ಇಲ್ಲ' ಅನ್ನುವುದರ ಮೇಲೆ ಕೂತಿತ್ತು. ಎಂಟ್ರಿ ಕಾಗದವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಕೊನೆಯ ಪ್ರಶ್ನೆಗೆ ಎಂಟೂ ಜನ 'ಇಲ್ಲ' ಅಂದಿದ್ದರು. ಎಂಟನೆಯದು ಅವಳದೇ.

ಮಾರನೆಯ ದಿನದಿಂದ ಎಂಟ್ರಿ ಹಿಂದಿನ ಕೋಣೆಯಲ್ಲಿ, ಹಳೇ ಫಾರಂಗಳ ಕಟ್ಟುಗಳ ನಡುವೆ, ಒಬ್ಬಳೇ ಉಣ್ಣತೊಡಗಿದಳು. ಗಿರಗಿಟ್ಲೆ ಬಾಗಿಲಿಗೆ ಬಂದು ಕೇಳಿದಳು.

"ಏನಾಯ್ತೇ ನಿಂಗೆ? ನಾನೇನಾದ್ರೂ ಅಂದ್ನಾ?"

"ಕೆಲಸ ಜಾಸ್ತಿ ಇದೆ ಅಕ್ಕ."

"ಮುಖ ನೋಡಿದ್ರೆ ಹಾಗನ್ಸಲ್ಲ."

"ಹೋಗಿ ಅಕ್ಕ, ಊಟ ಆರಿಹೋಗತ್ತೆ."

ಹೋಗಿ ಅಂದವಳೂ ಅವಳೇ, ಹೋದ ಮೇಲೆ ಬಿಕ್ಕಿದವಳೂ ಅವಳೇ. ಡಬ್ಬಿಯಲ್ಲಿ ಉಪ್ಪು ಕಮ್ಮಿಯಾಗಿದ್ದರೂ ಬೈಯುವವರಿಲ್ಲ ಅನ್ನಿಸಿ ಅವಳಿಗೆ ಅಳು ತಡೆಯಲಿಲ್ಲ.

ಎರಡು ವಾರವಾಯಿತು. ಈ ಸಲದ ಸಂಶೋಧನೆಯ ತಿರುಳು ಇಷ್ಟು: ಕಾಯಿಲೆಯಿಂದ ಎದ್ದು ಬಂದ ಒಬ್ಬರು ಜನರ ಮುಂದೆ ಕೂತು ತಮ್ಮ ಕಥೆ ಹೇಳಬೇಕು, ಕೇಳಿದವರು ಅದೇ ಫಾರಂ ಮತ್ತೆ ತುಂಬಬೇಕು, ಮನಸ್ಸು ಬದಲಾಯಿತೇ ನೋಡಬೇಕು. ಅದೂ ಮೊದಲು ಆಫೀಸಿನಲ್ಲೇ. ಒಬ್ಬ ದರ್ಜಿ ಬರಲು ಒಪ್ಪಿದ್ದ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಅರ್ಧ ಚಂದ್ರದ ಹಾಗೆ ಕೂತರು, ಎದುರಿಗೆ ಒಂದು ಕುರ್ಚಿ, ಒಂದು ಲೋಟ ನೀರು. ಹತ್ತೂವರೆಗೆ ಅವನ ಅಳಿಯ ಫೋನು ಮಾಡಿದ. ಮಾವನವರು ಬರಲ್ಲ, ಇನ್ನು ಮೇಲೆ ಈ ನಂಬರಿಗೆ ಫೋನು ಮಾಡಬೇಡಿ.

"ಇದು ನಾಲ್ಕನೇ ಸಲ," ಅಂದರು ಮೇಡಂ, ತಲೆ ಹಿಡಿದುಕೊಂಡು. "ಹೇಳೋಕೆ ಒಬ್ಬರೂ ಸಿಗಲ್ವಲ್ಲಪ್ಪ!"

ಎಂಟ್ರಿ ಆ ಖಾಲಿ ಕುರ್ಚಿಯನ್ನು ನೋಡಿದಳು. ಅವಳಿಗೆ ಸಿಟ್ಟು ಬಂತು. ದರ್ಜಿಯ ಮೇಲಲ್ಲ, ಪಾಪ. ಎಂಟನೇ ಫಾರಂ ತುಂಬಿದ ತನ್ನ ಕೈ ಮೇಲೆ. ಇದ್ದ ಒಬ್ಬ ಗೆಳತಿಯೂ 'ಇಲ್ಲ' ಅಂದಾಯಿತು, ಇನ್ನು ಯಾರನ್ನು ಉಳಿಸಿಕೊಳ್ಳೋಕೆ ಈ ಬಾಯಿಗೆ ಬೀಗ? ಎದ್ದು ಹೋಗಿ ಕೂತೇಬಿಟ್ಟಳು. ನೀರು ಕುಡಿದಳು. ಹದಿನೈದು ವಾರ, ಗೋಡೆಯಾಚೆಯ ಮಾತು, ಟ್ರೈನಿಂಗು, ಥೈರಾಯ್ಡು, ಎಲ್ಲವನ್ನೂ ಹೇಳಿದಳು. ಮೇಡಂ ಅತ್ತರು. ಡ್ರೈವರಣ್ಣ ಚಪ್ಪಾಳೆ ತಟ್ಟಿದ. ಗಿರಗಿಟ್ಲೆ ಮಾತ್ರ ನೆಲ ನೋಡುತ್ತಾ ಕೂತಿದ್ದಳು. ಫಾರಂ ತುಂಬಿ, ಚೀಲ ಹೆಗಲಿಗೇರಿಸಿ, ಒಂದೂ ಮಾತಾಡದೆ ಬೀದಿ ಕೆಲಸಕ್ಕೆ ಹೊರಟುಹೋದಳು.

ಏಳು ಫಾರಂ ಏರಿಸಬೇಕಾದವಳೂ ಎಂಟ್ರಿಯೇ, ಬೇರೆ ಯಾರಿದ್ದಾರೆ! ಆರು ಫಾರಂಗಳಲ್ಲಿ ಎಲ್ಲದಕ್ಕೂ 'ಹೌದು'. ಮನೆ ಕೊಡ್ತೀವಿ, ಪಕ್ಕ ಕೂರ್ತೀವಿ, ಜೊತೆಗೆ ಉಣ್ತೀವಿ. ಏಳನೆಯದರಲ್ಲಿ ಉದ್ದ ಬಾಲ ಮೊದಲಿದ್ದಲ್ಲೇ ಇತ್ತು, ಆರನೇ ಪ್ರಶ್ನೆಗೆ 'ಇಲ್ಲ'. ಮೇಡಂ ಪರದೆ ನೋಡಿ ಹಿಗ್ಗಿದರು. "ಏಳರಲ್ಲಿ ಆರು! ಒಬ್ಬರು ಬದಲಾಗಿಲ್ಲ ಅಂತ ಬರೆದುಬಿಡು, ಪರವಾಗಿಲ್ಲ."

ಬದಲಾದವರ ಕಥೆ ಕೇಳಿ. ಮಾರನೆಯ ದಿನ ಬೆಂಚಿನಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರಿಗೆ ಹಸಿವಿರಲಿಲ್ಲ, ಡ್ರೈವರಣ್ಣನಿಗೆ ಗಾಡಿ ತೊಳೆಯುವುದಿತ್ತು, ಗಿರಗಿಟ್ಲೆ ಬೀದಿಯಿಂದ ಬಂದಿರಲೇ ಇಲ್ಲ. ಎಂಟ್ರಿಯ ಟೀ ಲೋಟವನ್ನು ಯಾರೋ ಬೇರೆಯಾಗಿ ತೊಳೆದು ಕಿಟಕಿಯಲ್ಲಿ ಮಗುಚಿಟ್ಟಿದ್ದರು. ಎಲ್ಲರೂ ಅವಳ ಹತ್ತಿರ ಮೆಲ್ಲಗೆ, ಬಿಡಿಸಿ ಬಿಡಿಸಿ, ಕಿವಿ ಕೇಳದವರ ಹತ್ತಿರ ಆಡಿದ ಹಾಗೆ ಮಾತಾಡಿದರು. ಮೂರನೆಯ ದಿನ ಕಟ್ಟು ಬಿಚ್ಚಲು ಡ್ರಾಯರಿಗೆ ಕೈ ಹಾಕಿದರೆ ಕತ್ತರಿ ಇಲ್ಲ. ಮೇಜಿನ ಕೆಳಗೆಲ್ಲ ಹುಡುಕಿದಳು. ಆಮೇಲೆ ಅರ್ಥವಾಯಿತು. ಅಯ್ಯೋ, ಆರು ವರ್ಷ ಅದೇ ಕತ್ತರಿ ಹಿಡಿದ ಕೈ! ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಹಿಂದಿನ ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಗಿರಗಿಟ್ಲೆ. ಫಾರಂ ಕಟ್ಟುಗಳನ್ನು ಪಕ್ಕಕ್ಕೆ ತಳ್ಳಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಗೂಬೆ ಥರ ಇಲ್ಲೇನೇ ಕೂತಿದೀಯ? ಬೆಂಚು ಸವೆದುಹೋಯ್ತಾ?"

ಎಂಟ್ರಿ ತಲೆ ಎತ್ತಲಿಲ್ಲ. "ನೀವು ಎರಡು ಸಲಾನೂ ಇಲ್ಲ ಅಂತ ಹಾಕಿದ್ರಿ ಅಕ್ಕ. ಜೊತೇಲಿ ಊಟ ಮಾಡಲ್ಲ ಅಂತ."

"ಯಾರು ಹೇಳಿದ್ರು ನಿಂಗೆ?"

"ನಿಮ್ಮ ಟಿಕ್ಕಿನ ಬಾಲ."

ಗಿರಗಿಟ್ಲೆ ಕುರ್ಚಿ ಎಳೆದುಕೊಂಡಳು, ಒಂದು ಮೊಳ ದೂರಕ್ಕೇ ನಿಲ್ಲಿಸಿ ಕೂತಳು.

"ನಮ್ಮಮ್ಮಂಗೂ ಇತ್ತು ಕಣೇ," ಅಂದಳು. "ಒಳಗೆ ಕೂಡಿಹಾಕಿದ್ರು. ತಟ್ಟೆ ಇಡೋದು ನನ್ನ ಕೆಲಸ. ಬಾಗಿಲ ಸಂದೀಲಿ ಕಾಲಲ್ಲಿ ತಳ್ತಿದ್ದೆ, ಕೈ ಹಿಡಿದುಬಿಡ್ತಾಳೆ ಅಂತ ಭಯ. 'ಬಾರೆ ಮಗ, ಜೊತೇಲಿ ಉಣ್ಣೋಣ' ಅನ್ನೋಳು ಒಳಗಿಂದ. ಒಂದು ದಿನಾನೂ ಕೂರ್ಲಿಲ್ಲ. ಅವಳು ಹೋಗೋವರೆಗೂ ಕೂರ್ಲಿಲ್ಲ."

"ಕೊನೇ ಪ್ರಶ್ನೆಗೆ, ಅಂಥವರು ಯಾರೂ ಗೊತ್ತಿಲ್ಲ ಅಂತ ಹಾಕಿದ್ರಿ ಮೊದಲನೇ ಸಲ."

"ನೀನೂ ಅದನ್ನೇ ಹಾಕಿರ್ತೀಯ, ಕಳ್ಳಿ." ಗಿರಗಿಟ್ಲೆ ಮೂಗು ಒರೆಸಿಕೊಂಡಳು. "ಸಾವಿರ ಮನೆ ತಿರುಗಿ ಕೇಳಿದೀನಿ, ಜೊತೇಲಿ ಊಟ ಮಾಡ್ತೀರಾ ಅಂತ. ಎಲ್ಲಾರೂ ಹೌದು ಹೌದು ಅಂತಾರೆ. ನಾನು ಮಾಡ್ಲಿಲ್ವಲ್ಲ. ಸುಳ್ಳು ಹೆಂಗೆ ಬರೀಲಿ?"

ಎಂಟ್ರಿ ತನ್ನ ಡಬ್ಬಿಯನ್ನು ಮೇಜಿನ ನಡುವಕ್ಕೆ ಸರಿಸಿದಳು. ಗಿರಗಿಟ್ಲೆಯ ಕೈ ಮುಂದೆ ಬಂತು, ತಡೆಯಿತು, ಮತ್ತೆ ಬಂತು.

"ಭಯ ಆಗ್ತಿದ್ಯಾ ಅಕ್ಕ?"

"ಹೂಂ ಕಣೇ, ಆಗ್ತಿದೆ," ಅಂದಳು ಗಿರಗಿಟ್ಲೆ, ಒಂದು ತುತ್ತು ಬಾಯಿಗಿಟ್ಟುಕೊಂಡು. "ಉಪ್ಪು ಕಮ್ಮಿ ಆಗಿದೆ. ನೀನೂ ತಿನ್ನು."