ರೋಗಾಣುವಿಗೆ ಬಾಲ ಕಟ್ಟುವವರು

ಮೇ ತಿಂಗಳು ಬಂತೆಂದರೆ ನಾರ್ವೆಯ ನಮ್ಮ ಊರು ಕೆಂಪಾಗುತ್ತದೆ. ಶಾಲೆ ಮುಗಿಸುವ ಹುಡುಗ ಹುಡುಗಿಯರಿಗೆ ನಾವು ‘ರೂಸ್’ ಅನ್ನುತ್ತೇವೆ. ಕೆಂಪು ಷರಾಯಿ ತೊಟ್ಟು, ಬಸ್ಸಿನಲ್ಲೇ ಕುಣಿದು, ಒಂದೇ ಬಾಟಲಿಗೆ ಎಲ್ಲರೂ ಬಾಯಿಟ್ಟು ನಿದ್ದೆಗೆಟ್ಟು ತಿರುಗುತ್ತಾರೆ. ಆಗ ಯಾರಿಗೆ ಜ್ವರ ಬಂದರೂ ಊರು ನಗುತ್ತದೆ: “ರೂಸ್ ಜ್ವರ, ಮಲಗಿದ್ರೆ ಹೋಗುತ್ತೆ!”

ಕಳೆದ ವರ್ಷ ತುರಿದ್ ಕೂಡ ಹಾಗೇ ನಕ್ಕು, ರೂಸ್ ಆಗಿದ್ದ ಮಗ ಆಸ್ಲಕ್‌ಗೆ ಕಂಬಳಿ ಹೊದಿಸಿದಳು. ಮಧ್ಯಾಹ್ನ ಅವನ ಕಾಲ ಮೇಲೆ ನೇರಳೆ ಚುಕ್ಕೆಗಳೆದ್ದವು. ಸಂಜೆಗೆ ಅವನಿರಲಿಲ್ಲ.

ಈ ವರ್ಷ ರೂಸ್ ಆಗುವ ಸರದಿ ಅವನ ತಂಗಿ ಸಿಗ್ನೆಯದು. ಹಿಮ ಕರಗುವ ಮೊದಲೇ ಶಾಲೆಯ ದಾದಿ ಇಂಗುನ್ ಮನೆಗೆ ಬಂದಳು.

“ಸಿಗ್ನೆಗೆ ಮಿದುಳು ಪೊರೆಯ ಜ್ವರದ ಲಸಿಕೆ ಹಾಕಿಸು, ತುರಿದ್.”

“ಬೇಡ. ಅವಳನ್ನ ಹೊರಗೇ ಬಿಡಲ್ಲ. ಅಣ್ಣನ ಕೈಬಿಟ್ಟ ರಕ್ತಾನೇ ಇವಳದೂ ಅಂತ ಆಸ್ಪತ್ರೇಲಿ ಪರೀಕ್ಷೆ ಮಾಡಿ ಹೇಳಿದ್ರಲ್ಲ. ಸೂಜಿ ಏನು ಮಾಡೀತು?”

“ಕಾಡಿನ ಚೆಲುವೆ ಹುಲ್ದ್ರ ಬಾಲ ಕಂಡ್ರೆ ಮಾತ್ರ ಗುರುತು ಸಿಗ್ತಾಳೆ ಅಂತ ಅಜ್ಜಿ ಹೇಳ್ತಿರಲಿಲ್ವಾ? ರೋಗಾಣೂನೂ ಹಾಗೇ. ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿ ಬಾಲ ಕಟ್ತವೆ. ಆ ಬಾಲ ಹಿಡಿದೇ ಬಿಳಿ ರಕ್ತಕಣ ರೋಗಾಣೂನ ನುಂಗೋದು. ನಿನ್ನ ಮಕ್ಕಳಲ್ಲಿ ಆ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲ.”

“ಹಾಗಾದ್ರೆ ನಾನು ಕೊಟ್ಟ ರಕ್ತವೇ...”

“ನೀಲಿ ಕಣ್ಣೂ ನೀನೇ ಕೊಟ್ಟೆ. ಆರಿಸಿ ಕೊಟ್ಟೆಯಾ?”

ತುರಿದ್ ಕಾಫಿ ಲೋಟ ಕೆಳಗಿಟ್ಟಳು.

“ಲಸಿಕೆ ಹಾಕಿದ್ರೆ ಮೈ ಇನ್ನೊಂದು ಬಗೆಯ ಬಾಲ ಕಟ್ಟೋದು ಕಲಿಯುತ್ತೆ,” ಎಂದಳು ಇಂಗುನ್.

“ಪೂರ್ತಿ ಕಾಯುತ್ತಾ?”

“ಸುಳ್ಳು ಹೇಳಲ್ಲ. ಪೂರ್ತಿ ಇಲ್ಲ. ಜ್ವರ ಬಂದ್ರೆ ಆಗಲೂ ಓಡ್ಬೇಕು.”

ಬಾಗಿಲಲ್ಲಿದ್ದ ಸಿಗ್ನೆ ತಡೆಯಲಾರದೆ ಕೇಳಿದಳು: “ಅಮ್ಮಾ, ಅಣ್ಣನ ಜೊತೆ ನನ್ನನ್ನೂ ಹೂತುಬಿಟ್ಟೆಯಾ?”

ಮಾರನೆಯ ದಿನ ಆರೋಗ್ಯ ಕೇಂದ್ರದಲ್ಲಿ ಮಗಳ ತೋಳನ್ನು ತುರಿದ್ ತಾನೇ ಹಿಡಿದಳು. ಸೂಜಿ ಇಳಿಯಿತು.

“ನೋವಾಯ್ತಾ?”

“ಇರುವೆ ಕಚ್ಚಿದಷ್ಟು.”

“ಇಷ್ಟೇನಾ?” ತುರಿದ್ ಆ ತೋಳನ್ನು ಎದೆಗೊತ್ತಿಕೊಂಡಳು. “ಗಟ್ಟಿ ಹುಡುಗ, ನಿನಗ್ಯಾಕೆ ಲಸಿಕೆ ಅಂತ ನಿನ್ನಣ್ಣನಿಗೆ ಬೇಡ ಅಂದೆನಲ್ಲೇ! ಇಷ್ಟೇನಾ?”

ಓದುವ ತಾಯಂದಿರೇ, ತಂದೆಯರೇ, ಮಿದುಳು ಪೊರೆಯ ಜ್ವರದ ಲಸಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮನೆಯಲ್ಲಿ ಒಬ್ಬರಿಗೆ ಆ ರೋಗ ಬಂದಿದ್ದರೆ ಉಳಿದವರ ರಕ್ತ ಪರೀಕ್ಷೆ ಬೇಕೇ ಎಂದೂ ಕೇಳಿ. ಜ್ವರದ ಜೊತೆ ಕತ್ತು ಬಿಗಿದರೆ, ಒತ್ತಿದರೂ ಮಾಸದ ಚುಕ್ಕೆ ಕಂಡರೆ, ಕಾಯಬೇಡಿ. ಆಸ್ಪತ್ರೆಗೆ ಓಡಿ. ಅದು ಬರೀ ನೆಗಡಿಯಾಗಿದ್ದರೆ, ಮಗುವಿನ ಕೈ ಹಿಡಿದು ನಗುತ್ತಾ ಮನೆಗೆ ಬನ್ನಿ.