ಉಣ್ಣೆ ಹಾಸಿಗೆಗೆ ಒಂದು ಪುಟ

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತಿದೆ, ಕತ್ತರಿ ಇಟ್ಟರೆ ನಿಲ್ಲುತ್ತದೆ, ಇಟ್ಟೆ, ಇನ್ನು ಬರೆಯಬೇಕು, ಮಾನ್ಯರೆ — ಮಾನ್ಯರೆ ಎನ್ನಬೇಕೋ ಡಾಕ್ಟರ್ ಸಾಹೇಬರೆ ಎನ್ನಬೇಕೋ, ಹೊನ್ನಾಳಿಯ ಆಸ್ಪತ್ರೆಯ ಕಲ್ಪನಾ ಮೇಡಂ ಅದನ್ನು ಹೇಳಲಿಲ್ಲ, ಬಾಯಲ್ಲಿ ಹೇಳಿದ್ರೆ ಆಗಲ್ಲ ಸಿದ್ದೇಶಣ್ಣ, ಒಂದು ಪ್ರಪೋಸಲ್ ಬರ್ಕೊಂಡು ಬರ್ರಿ, ಒಂದೇ ಪುಟ ಸಾಕು, ವಸ್ತು ಏನು, ಯಾರಿಗೆ ಬೇಕು, ರೇಟು ಎಷ್ಟು, ಬೇರೆದಕ್ಕಿಂತ ಇದ್ರಾಗೆ ಏನು ಹೆಚ್ಚೈತೆ, ಅಷ್ಟೇ ಎಂದರು, ಅಷ್ಟೇ, ಚನ್ನಗಿರಿಯಲ್ಲಿ ಇಷ್ಟು ವರ್ಷ ಗಾದಿ ಹೊಲಿದೆ, ಯಾರಿಗೂ ಏನನ್ನೂ ಬರೆದುಕೊಟ್ಟವನಲ್ಲ, ಬಂದವರು ಹತ್ತಿ ಮುಟ್ಟುತ್ತಾರೆ, ಕೂತು ನೋಡುತ್ತಾರೆ, ಆಟೋಕ್ಕೆ ಹಾಕಿಕೊಂಡು ಹೋಗುತ್ತಾರೆ. ವಸ್ತು, ಕುರಿ ಉಣ್ಣೆಯ ಹಾಸಿಗೆ. ಇದು ಸುಲಭ. ಯಾರಿಗೆ ಬೇಕು — ಮೇಲೇಳಲಾಗದೆ ಮಲಗಿದಲ್ಲೇ ಇರುವ ರೋಗಿಗಳಿಗೆ, ರೋಗಿ ಎಂದು ಬರೆದ ಕೈ ನಿಂತಿತು, ನನ್ನ ಹೆಂಡತಿ ಮಮತಾ ರೋಗಿಯಾಗಿರಲಿಲ್ಲ, ಗೋವಿನಕೋವಿಯಲ್ಲಿ ನಾಮಕರಣದ ಊಟ ಮುಗಿಸಿ ಹೊಸ ಸೀರೆಯಲ್ಲಿ ವಾಪಸ್ಸು ಬರುತ್ತಿದ್ದಳು, ನ್ಯಾಮತಿ ದಾಟಿದ ಮೇಲೆ ಆಟೋ ಮಗುಚಿತು, ಅಲ್ಲಿಂದ ಸೊಂಟದ ಕೆಳಗೆ ಏನೂ ಇಲ್ಲ, ರೀ, ನನ್ನ ಕಾಲು ಎಲ್ಲಿ ಇಟ್ಟೀರಿ ನೋಡ್ರಿ, ಒಂದರ ಮೇಲೆ ಒಂದು ಬಿದ್ದಾವೇನು ಎಂದು ಕೇಳುತ್ತಿದ್ದಳು, ಯಾರದೋ ಸಾಮಾನಿನ ಹಾಗೆ.

ಮುಂದೆ, ಸಮಸ್ಯೆ, ಹಾಸಿಗೆ ಹುಣ್ಣು. ಎರಡು ಪದ. ಬೆನ್ನಿನ ಕೆಳಗೆ ಮೊದಲು ಕೆಂಪಾಗಿತ್ತು, ಸೊಳ್ಳೆ ಇರಬೇಕು ಎಂದಳು, ಆಮೇಲೆ ಚರ್ಮ ಸುಲಿದು, ಆಮೇಲೆ ಒಳಗೆ ಒಳಗೆ — ಅದನ್ನು ಬರೆಯಬೇಕಿಲ್ಲ, ಡಾಕ್ಟರಿಗೆ ಗೊತ್ತು. ಗಾಳಿ ತುಂಬುವ ರಬ್ಬರ್ ಹಾಸಿಗೆ ತಂದೆವು, ಕರೆಂಟು ಹೋದಾಗಲೆಲ್ಲ ಗಾಳಿ ಇಳಿದು ಅವಳು ಮಂಚದ ಹಲಗೆಗೆ ತಾಗುತ್ತಿದ್ದಳು, ನನ್ನ ಹತ್ತಿ ಗಾದಿ ವಾರಕ್ಕೆ ಕಲ್ಲಿನಂತೆ ಗಟ್ಟಿ. ಆಗ ಅತ್ತೆ ಜಗಳೂರಿನಿಂದ ಬಸ್ಸಿನಲ್ಲಿ ಉಣ್ಣೆಯ ಮೂಟೆ ಹೊತ್ತು ಬಂದಳು, ಭೀಮಕ್ಕ, ಮಗಳ ಮುಖ ನೋಡಿ ಅಳಲಿಲ್ಲ, ಕಣದ ಕೆಲಸಕ್ಕೆ ಕೂತ ಹಾಗೆ ಕೂತು ಉಣ್ಣೆಯ ಎಳೆ ಎಳೆ ಬಿಡಿಸಿದಳು, ಅಳಿಯಂದ್ರೆ, ಇದನ್ನ ಹತ್ತಿಯಂಗೆ ಒತ್ತಿ ತುಂಬಬ್ಯಾಡ್ರಿ, ಉಸಿರಾಡಾಕೆ ಜಾಗ ಬಿಡ್ರಿ ಎಂದಳು, ನಾನು ಹೊಲಿದೆ, ಚಿಕ್ಕ ಚಿಕ್ಕ ಚೌಕ, ಒಂದೊಂದರಲ್ಲೂ ಸಡಿಲವಾಗಿ ಉಣ್ಣೆ. ಮಮತಾಳನ್ನು ಅದರ ಮೇಲೆ ಮಲಗಿಸಿದ ದಿನ ಮೂಗು ಹಚ್ಚಿ, ನಮ್ಮವ್ವನ ಮನಿ ವಾಸ್ನೆ ಬರ್ತೈತೆ ಕಣ್ರೀ ಎಂದಳು, ಎಷ್ಟೋ ದಿನಕ್ಕೆ ಪೂರಾ ನಿದ್ದೆ ಮಾಡಿದಳು, ನಾನೂ ಅತ್ತೆಯೂ ಬಾಗಿಲಲ್ಲಿ ನಿಂತು ನೋಡಿದೆವು, ಗೆದ್ದೆವು ಎಂದೇ ತಿಳಿದಿದ್ದೆವು.

ಬಳಸಿದವರ ಅನುಭವ. ಇದನ್ನು ಏನೆಂದು ಬರೆಯಲಿ, ಹೊಸ ಹುಣ್ಣು ಒಂದೂ ಏಳಲಿಲ್ಲ, ಅದು ಸುಳ್ಳಲ್ಲ, ಆದರೆ ಹಳೆಯದು ಆಗಲೇ ಮೂಳೆ ಮುಟ್ಟಿತ್ತು, ಜ್ವರ ಬಂತು, ನಂಜು ರಕ್ತಕ್ಕೆ ಹೋಗೈತೆ ಅಂದರು, ಆಷಾಢದಲ್ಲಿ ಹೋದಳು. ಗುಣವಾಯಿತು ಎಂದು ಬರೆಯಲಾರೆ. ಗುಣವಾಗಲಿಲ್ಲ ಎಂದು ಬರೆದರೆ ಯಾರು ಕೊಳ್ಳುತ್ತಾರೆ. ಬ್ಯಾಡ ಅತ್ತೆ, ನನಗೆ ಇದು ಆಗಲ್ಲ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದೆ, ಆಕೆ, ಬರೀರಿ, ನಮ್ಮ ಹುಡುಗಿಗೆ ತಡ ಆತು, ಇನ್ನೊಬ್ಬರ ಮನಿ ಹುಡುಗಿಗೆ ತಡ ಆಗೋದು ಬ್ಯಾಡ ಎಂದಳು, ಆಕೆಯ ದನಿ ಅಲ್ಲಿ ಒಡೆಯಿತು, ನಾನು ಫೋನಿಟ್ಟು ಹಾಳೆ ತೆಗೆದೆ. ರೇಟು ಆಮೇಲೆ ಹಾಕೋಣ. ಬೇರೆಯದಕ್ಕಿಂತ ಏನು ಹೆಚ್ಚು — ಅದನ್ನು ಮಂಚದ ಮೇಲಿರುವ ಅವಳ ಹಾಸಿಗೆಯನ್ನು ಒಮ್ಮೆ ನೋಡಿಯೇ ಬರೆಯಬೇಕು, ಅವಳನ್ನು ಎತ್ತಿಕೊಂಡು ಹೋದ ದಿನದಿಂದ ಅದರ ಮೇಲೆ ಯಾರೂ ಕೂತಿಲ್ಲ, ಎದ್ದು ಹೋಗಿ ಅಂಗೈ ಊರಿದೆ, ಒಳಗಿಳಿಯಿತು, ತೆಗೆದೆ, ಐದು ಬೆರಳಿನ ಗುರುತು ಬಿದ್ದಿತ್ತು, ನೋಡುತ್ತಿದ್ದಂತೆ ಉಣ್ಣೆ ಮೆಲ್ಲಗೆ ಉಬ್ಬಿ ಗುರುತು ಮುಚ್ಚಿಕೊಂಡಿತು. ಬಂದು ಬರೆದೆ, ಎಷ್ಟು ಹೊತ್ತು ಮಲಗಿದರೂ ತಗ್ಗು ಬೀಳುವುದಿಲ್ಲ, ಎದ್ದ ಕೂಡಲೇ ಮೊದಲಿನಂತಾಗುತ್ತದೆ. ಓದಿದೆ. ಮೊದಲಿನಂತಾಗುತ್ತದೆ. ಅಷ್ಟು ದಿನ ಮಲಗಿದ್ದಳು, ಭುಜದ ಕಡೆ, ಸೊಂಟದ ಕಡೆ, ಎಲ್ಲಿಯೂ ಒಂದು ತಗ್ಗು ಇಲ್ಲ, ಅದೇ ಇದರ ಗುಣ, ಅದಕ್ಕೇ ಇದನ್ನು ಕೊಳ್ಳಬೇಕು, ಮತ್ತೆ ಎದ್ದು ಹೋಗಿ ಎರಡೂ ಕೈ ಊರಿ ಮೈಭಾರವನ್ನೆಲ್ಲ ಬಿಟ್ಟೆ, ತೆಗೆದೆ, ಬೆರಳು ಮುಚ್ಚಿತು, ಅಂಗೈ ಮುಚ್ಚಿತು, ಮತ್ತೆ ಊರಿದೆ, ಮುಚ್ಚುತ್ತಿದೆ —