ಮಾದರಿ ತಯಾರಿದೆ

"ತಗೋ, ನಿನ್ನ ಮಾದರಿ," ಎಂದು ಅತ್ತಿಗೆ ಐಸ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಲೆಕ್ಕದ ಮೇಷ್ಟ್ರ ಸಮೀಕರಣಗಳೆಲ್ಲ ಅಂಗುಲ ಮೇಲೆದ್ದು ಮತ್ತೆ ಕೂತವು. "ಬಿಸಿಲಿಗೆ ಇಡಬೇಡ. ಕೆಟ್ಟುಹೋದ್ರೆ ನನ್ನನ್ನ ಕೇಳಬೇಡ."

ಮೇಷ್ಟ್ರು ಮುಚ್ಚಳ ತೆಗೆದರು. ಮಂಜುಗಡ್ಡೆಯ ನಡುವೆ ಗಾಜಿನ ನಳಿಗೆಗಳು ಪ್ರಾರ್ಥನೆಗೆ ನಿಂತ ಶಾಲೆಮಕ್ಕಳಂತೆ ಸಾಲಾಗಿ ನಿಂತಿದ್ದವು. ಒಂದೆರಡು ಬಿಟ್ಟರೆ ಪ್ರತಿಯೊಂದರ ತಳದಲ್ಲೂ ನೊರೆನೊರೆಯಾದ ಏನೋ ಒಂದಿಷ್ಟು.

"ಇದೇನು ಅತ್ತಿಗೆ?"

"ಇನ್ನೇನು, ಎಂಜಲು."

"ಯಾರ್ದು?"

"ಕಾಯ್ತಾ ಕೂತೋರ್ದು. ಕಾದು ಕಾದು ರೇಗಿದಾಗ ಎಂಜಲಲ್ಲಿ ಏನೇನು ಏರುತ್ತೆ ಅಂತ ನೋಡೋಕೆ. ವರ್ಷ ಪೂರ್ತಿ ಜನರ ಬಾಯಿಗೆ ನಳಿಗೆ ಹಿಡಿದಿದೀನಿ ಕಣೋ. ಒಬ್ಬ ಅಜ್ಜ ನನ್ನ ಕೋಟಿನ ಮೇಲೇ ಉಗಿದ. ಅದನ್ನೂ ಬಿಡಲಿಲ್ಲ, ತುಂಬಿಕೊಂಡೆ."

ಮೇಷ್ಟ್ರು ಮುಚ್ಚಳವನ್ನು ಧಡಕ್ಕನೆ ಮುಚ್ಚಿದರು. ಆ ಸದ್ದು ಪಕ್ಕದ ಕಟ್ಟಡಕ್ಕೂ ಕೇಳಿಸಿತೆಂದರೆ ಸುಳ್ಳಲ್ಲ.

ವಿಷಯ ಇಷ್ಟು. ವಿಶ್ವವಿದ್ಯಾಲಯದ ಪಕ್ಕದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರನ್ನು ಕಾಣಲು ಜನ ಕಾಯುವ ಸಾಲಿಗೆ ತಲೆಯಿತ್ತು, ಬಾಲವನ್ನು ಕಂಡವರಿರಲಿಲ್ಲ. ಹಲ್ಲುನೋವೆಂದು ನಿಂತವರಿಗೆ ಕುರ್ಚಿ ಸಿಗುವ ಹೊತ್ತಿಗೆ ಹಲ್ಲೇ ಇರುತ್ತಿರಲಿಲ್ಲ. ಎದುರುಬದುರು ಬೆಂಚಿನಲ್ಲಿ ಕೂತ ಎರಡು ಸಂಸಾರಗಳು ಬೀಗರಾಗಿ, ಮೊಮ್ಮಗುವಿಗೆ ಅದೇ ಸಾಲಿನಲ್ಲಿ ಚೀಟಿ ಮಾಡಿಸಿದ್ದೂ ಉಂಟು. ಈ ಕಾಯುವಿಕೆಯನ್ನು ತಗ್ಗಿಸಲು ಗಣಿತ, ಎಂಜಿನಿಯರಿಂಗ್, ವೈದ್ಯಕೀಯ, ಅರ್ಥಶಾಸ್ತ್ರ, ಸಾರ್ವಜನಿಕ ನೀತಿ, ಹೀಗೆ ಐದು ವಿಭಾಗ ಸೇರಿ ಒಂದು ಸಂಶೋಧನೆ ಕೈಗೆತ್ತಿಕೊಂಡಿದ್ದವು. ವೈದ್ಯಕೀಯದಿಂದ ಬಂದವರು ಮೇಷ್ಟ್ರ ಅಣ್ಣನ ಹೆಂಡತಿ. ಬರುವುದಿಲ್ಲವೆಂದು ಹಟ ಹಿಡಿದಿದ್ದವರನ್ನು ಕಾಡಿಬೇಡಿ ಸೇರಿಸಿದ್ದು ಮೇಷ್ಟ್ರೇ.

ಯೋಜನೆಯ ಗುರಿಯನ್ನೂ ಅವರೇ ಬರೆದಿದ್ದರು: "ಕಾಯುವಿಕೆಯನ್ನು ತಗ್ಗಿಸುವ ಮಾದರಿಯೊಂದನ್ನು ಸಿದ್ಧಪಡಿಸಲಾಗುವುದು." ಐವರೂ ಒಟ್ಟಿಗೆ ತಲೆದೂಗಿದ್ದರು. ಐದು ಜನ ವಿದ್ವಾಂಸರು ಒಂದು ವಾಕ್ಯಕ್ಕೆ ತಕರಾರಿಲ್ಲದೆ ಒಪ್ಪಿದ್ದು ಭೂಮಿ ಹುಟ್ಟಿದಾಗಿನಿಂದ ಅದೇ ಮೊದಲು. ಅನುಮಾನ ಆಗಲೇ ಬರಬೇಕಿತ್ತು.

ಇವತ್ತು ಪರಿಶೀಲನೆ. ಯೋಜನೆ ಗೆದ್ದರೆ ಮೇಷ್ಟ್ರ ಹಂಗಾಮಿ ಕೆಲಸ ಕಾಯಂ ಆಗುತ್ತದೆ, ಬಿದ್ದರೆ ಅವರೂ ಬೀದಿಗೆ ಬೀಳುತ್ತಾರೆ. ಅದರಲ್ಲೂ ಮೇಷ್ಟ್ರು ಆರು ತಿಂಗಳ ಹಿಂದೆಯೇ ಮನೆಯಲ್ಲಿ "ಕಾಯಂ ಆಯ್ತು" ಎಂದು ಹೇಳಿಬಿಟ್ಟಿದ್ದರು. ಅಮ್ಮ ಬೀದಿಗೆಲ್ಲ ಸಾರಿಯೂ ಆಗಿತ್ತು.

"ಅತ್ತಿಗೆ, ಮಾದರಿ ಅಂದ್ರೆ ಗಣಿತದ ಮಾದರಿ. ಸಮೀಕರಣ."

"ಲ್ಯಾಬಲ್ಲಿ ಮಾದರಿ ಕೊಡಪ್ಪಾ ಅಂದ್ರೆ ನೀನು ಸಮೀಕರಣ ಬರೆದು ಕೊಡ್ತೀಯಾ? ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ನಾನು ಹೇಗೆ ನೋಡ್ಲಿ?"

ಮೇಷ್ಟ್ರಿಗೆ ಈಗ ಒಂದೊಂದೇ ಹೊಳೆಯತೊಡಗಿತು. ಸಭೆಯಲ್ಲಿ ಕೇಳಿದಾಗಲೆಲ್ಲ ಅತ್ತಿಗೆ "ಮಾದರಿ ಫ್ರಿಜ್ಜಲ್ಲಿದೆ" ಎನ್ನುತ್ತಿದ್ದರು. ಕೆಲಸ ಮುಂದೂಡುವುದನ್ನು ಡಾಕ್ಟರುಗಳು ಎಷ್ಟು ಚಂದವಾಗಿ ಹೇಳುತ್ತಾರಲ್ಲ ಎಂದು ಮೇಷ್ಟ್ರು ಮೆಚ್ಚಿಕೊಂಡಿದ್ದರು. ಒಮ್ಮೆ ಎಂಜಿನಿಯರು "ಮಾದರಿಯ ಸ್ಕ್ರೂ ಸಡಿಲ ಇದೆ" ಎಂದಾಗ, ಅದು ತಮ್ಮ ತಲೆಗೇ ಹೇಳಿದ ಮಾತೆಂದು ತಿಂಗಳುಗಟ್ಟಲೆ ಅವರ ಜೊತೆ ಮಾತು ಬಿಟ್ಟಿದ್ದರು.

"ಸ್ಕ್ರೂ," ಎಂದು ಮೇಷ್ಟ್ರು ಕೂಗಿ ಎದ್ದರು. ಅತ್ತಿಗೆ ಐಸ್ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಓಡಿದರು.

ವರ್ಕ್‌ಶಾಪಿನ ಬಾಗಿಲಲ್ಲಿ ಎಂಜಿನಿಯರು ಎರಡೂ ಕೈ ತಲೆ ಮೇಲಿಟ್ಟುಕೊಂಡು ನಿಂತಿದ್ದರು. ಒಳಗೆ ಪ್ಲೈವುಡ್ಡಿನ ಒಂದು ಕಾರಿಡಾರು. ಬೆಂಚು, ಕಿಟಕಿ, ಕೌಂಟರು, ಉಗುಳಬಾರದೆಂಬ ಬೋರ್ಡು ಸಮೇತ ಎಲ್ಲವೂ ಇತ್ತು. ಸಣ್ಣದೊಂದು ರೈಲಿನ ಡಬ್ಬಿಯಷ್ಟಿತ್ತು, ಅಥವಾ ರೈಲಿನ ಡಬ್ಬಿಯೇ ಅದಕ್ಕಿಂತ ಸಣ್ಣದಿರಬೇಕು.

"ಹೊರಗೆ ಬರ್ತಾ ಇಲ್ಲ ಮೇಷ್ಟ್ರೇ," ಎಂದರು ಎಂಜಿನಿಯರು. "ಬಾಗಿಲು ಒಡೀಬೇಕು, ಇಲ್ಲ ಇದನ್ನ ಒಡೀಬೇಕು."

"ಇಷ್ಟು ದೊಡ್ಡದು ಯಾಕ್ರೀ ಮಾಡಿದ್ರಿ?"

"ಮೊದಲು ಟೀಪಾಯಿ ಮೇಲೆ ಕೂರೋಷ್ಟೇ ಇತ್ತು. ನಮ್ಮ ಅರ್ಥಶಾಸ್ತ್ರದ ಮೇಡಂ ಸಭೆಯಲ್ಲಿ, ಮಾದರಿ ತೀರಾ ಚಿಕ್ಕದಾಯ್ತು, ಹತ್ತು ಪಟ್ಟು ದೊಡ್ಡದಾಗಲೇಬೇಕು, ಇಲ್ಲಾಂದ್ರೆ ಯಾರೂ ನಂಬಲ್ಲ ಅಂದ್ರು. ನೀವೂ ಅಲ್ಲೇ ಕೂತು ಹೂಂ ಅಂದ್ರಲ್ಲ."

ಅಷ್ಟರಲ್ಲಿ ಅರ್ಥಶಾಸ್ತ್ರದ ಮೇಡಮ್ಮೇ ಒಳಗೆ ಬಂದರು. ಪ್ಲೈವುಡ್ಡನ್ನು ನೋಡಿದರು, ಐಸ್ ಪೆಟ್ಟಿಗೆಯನ್ನು ನೋಡಿದರು.

"ನಾನು ಹೇಳಿದ್ದು ಮನೆಮನೆಗೆ ಹೋಗಿ ಮಾತಾಡಿಸೋ ಜನರ ಬಗ್ಗೆ," ಎಂದರು. "ಆರಿಸ್ಕೊಂಡ ಮನೆಗಳಿಗೆ ನಾವು ಮಾದರಿ ಅಂತೀವಿ. ಚಿಕ್ಕದು ಅಂತ ಊರೆಲ್ಲ ಸುತ್ತಿದೆ. ಎರಡು ನಾಯಿ ಕಚ್ಚಿವೆ."

"ಹೆಸರಲ್ಲೇ ಅರ್ಥ ಇಟ್ಕೊಂಡಿದೀರಿ," ಎಂದರು ಅತ್ತಿಗೆ. "ಅರ್ಥ ಏನು ಅಂತ ನೀವಾದ್ರೂ ಕೇಳಬಾರದಿತ್ತಾ?"

"ಡಾಕ್ಟ್ರೇ, ನಾಲ್ಕು ಜನ ಘನವಾಗಿ ತಲೆ ಆಡಿಸ್ತಾ ಇರುವಾಗ, ನನಗೆ ಗೊತ್ತಿಲ್ಲ ಅಂತ ಹೇಗೆ ಹೇಳೋದು?"

ಎಲ್ಲರ ಕತೆಯೂ ಅದೇ ಆಗಿತ್ತು.

ಉಳಿದವರು ಸಾರ್ವಜನಿಕ ನೀತಿಯವರು. ಅವರನ್ನು ಬರೀ 'ನೀತಿಯವರು' ಎಂದು ಕರೆಯುವುದು ವಾಡಿಕೆ. ಮಿಕ್ಕವರು ನೀತಿಗೆಟ್ಟವರು ಎಂಬ ಭಾವ ಅವರ ನಡಿಗೆಯಲ್ಲೇ ಇತ್ತು. ಈಗ ಅವರು ಬೀಗದ ಕೈ ತಿರುಗಿಸುತ್ತಾ, ಪರಿಶೀಲನೆಗೆ ಬಂದ ಹಿರಿಯರನ್ನು ಕರೆದುಕೊಂಡು ಅಂಗಳ ದಾಟಿ ಬರುತ್ತಿದ್ದರು. ಹಿರಿಯರೆಂದರೆ, ಎಲ್ಲರ ಬಾಯಲ್ಲೂ ಕತ್ತರಿಯಮ್ಮ. ಆಕೆ ಕನ್ನಡಕ ಏರಿಸಿದರೆ ಯೋಜನೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಎಂದು ಪ್ರತೀತಿ. ಒಮ್ಮೆ ಆಕೆ ಸೀನಿದ್ದಕ್ಕೆ ಒಂದು ಇಡೀ ವಿಭಾಗವೇ ರಾಜೀನಾಮೆ ಕೊಟ್ಟಿತ್ತಂತೆ.

"ಆಸ್ಪತ್ರೆಯಲ್ಲಿ ಇವರು ಒಂದು ಕಾರಿಡಾರು ತೋರಿಸಿದ್ರು," ಎಂದರು ಕತ್ತರಿಯಮ್ಮ. "ಕನ್ನಡಿ ಹಾಗೆ ಹೊಳೀತಿದೆ. ಬಾಗಿಲಿಗೆ 'ಮಾದರಿ ಕಾರಿಡಾರು' ಅಂತ ಬೋರ್ಡು. ಒಳಗೆ ಒಂದು ನರಪಿಳ್ಳೆ ಇಲ್ಲ."

"ಜನರನ್ನ ಒಳಗೆ ಬಿಟ್ರೆ ಗಲೀಜಾಗುತ್ತೆ ಮೇಡಂ," ಎಂದರು ನೀತಿಯವರು. "ಮಾದರಿ ಅಂದ್ಮೇಲೆ ನಾಲ್ಕು ಜನ ನೋಡಿ ಕಲಿಯೋ ಹಾಗಿರಬೇಕು. ಕಾಯೋರೇ ಇಲ್ಲ ಅಂದ್ಮೇಲೆ ಕಾಯುವಿಕೆ ಎಲ್ಲಿಂದ ಬರುತ್ತೆ?"

ಕತ್ತರಿಯಮ್ಮ ಮಂಡಿನೋವಿಗೆ ನರಳಿ, ಪ್ಲೈವುಡ್ಡಿನ ಕಾರಿಡಾರಿನ ಬೆಂಚಿನ ಮೇಲೇ ಕೂತರು. "ಹೋಗ್ಲಿ. ಮುಖ್ಯ ಮಾದರಿ ಎಲ್ಲಿ?"

ನಾಲ್ವರೂ ಲೆಕ್ಕದ ಮೇಷ್ಟ್ರನ್ನು ನೋಡಿದರು. ಮೇಷ್ಟ್ರ ತಲೆಯಲ್ಲಿ ಭರ್ಜರಿ ಸುಳ್ಳೊಂದು ಸಿದ್ಧವಾಗಿತ್ತು. ಬಹುಶಾಸ್ತ್ರೀಯ, ಪಂಚಮುಖಿ, ಸಮಗ್ರ ಎಂಬಂಥ ಹದಿನಾರಾಣೆ ತೂಕದ ಪದಗಳು ನಾಲಗೆಯ ತುದಿಗೆ ಬಂದು ನೂಕಾಡುತ್ತಿದ್ದವು. ಅಷ್ಟರಲ್ಲಿ ಅತ್ತಿಗೆಯ ಕೋಟಿನ ಮೇಲೆ ಕಣ್ಣು ಬಿತ್ತು. ಅಜ್ಜ ಉಗಿದ ಕಲೆ ಎಷ್ಟು ಒಗೆದರೂ ಹೋಗಿರಲಿಲ್ಲ.

"ಐದಿದೆ ಮೇಡಂ," ಎಂದುಬಿಟ್ಟರು. "ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಮಾದರಿ ಅಂತ ಬರೆದೋನು ನಾನು. ಯಾವ ಮಾದರಿ ಅಂತ ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಇವರ್ಯಾರ ತಪ್ಪೂ ಇಲ್ಲ."

ನೀತಿಯವರು ಬೀಗದ ಕೈಯನ್ನು ಜೇಬಿಗೆ ಸೇರಿಸಿದರು.

"ಈ ಯೋಜನೆಗೆ ಒಪ್ಪಿಗೆ ಕೊಟ್ಟೋರು ನೀವೇ ಅಲ್ವಾ ಮೇಡಂ?" ಎಂದು ಅತ್ತಿಗೆ ತಣ್ಣಗೆ ಕೇಳಿದರು. "ನೀವು ಯಾವ ಮಾದರಿ ಅಂದ್ಕೊಂಡಿದ್ರಿ?"

ಕತ್ತರಿಯಮ್ಮ ಕನ್ನಡಕ ತೆಗೆದರು. ಸೆರಗಿನಲ್ಲಿ ಒರೆಸಿದರು. ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸಿದರು. ಅಷ್ಟು ಹೊತ್ತು ಒರೆಸಿಸಿಕೊಂಡ ಕನ್ನಡಕ ಲೋಕದಲ್ಲಿ ಇನ್ನೊಂದಿಲ್ಲ.

"ಮಂಡಿ ಸ್ವಲ್ಪ ಸುಧಾರಿಸಿತು," ಎಂದು ಕೊನೆಗೆ ಎದ್ದರು. "ಬೆಂಚು ಚೆನ್ನಾಗಿದೆ. ನಾನು ಕುಲಪತಿಗಳ ಹತ್ತಿರ ಮಾತಾಡಿ ಬರ್ತೀನಿ. ಎಲ್ಲಿಗೂ ಹೋಗಬೇಡಿ."

"ಏನಂತ ಹೇಳ್ತೀರಿ ಮೇಡಂ?" ಎಂದರು ಎಂಜಿನಿಯರು.

"ಇದೊಂದು ಮಾದರಿ ಯೋಜನೆ ಅಂತ," ಎಂದು ಹೇಳಿ ಕತ್ತರಿಯಮ್ಮ ಹೊರಟೇಹೋದರು.

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಳ್ಳೇದಾ, ಕೆಟ್ಟದ್ದಾ?" ಎಂದರು ಎಂಜಿನಿಯರು.

"ನನ್ನ ಪ್ರಕಾರ ಒಳ್ಳೇದೇ," ಎಂದರು ನೀತಿಯವರು. "ಹಿಂದೆ ಹೋಗಿ ಯಾವ ಅರ್ಥದಲ್ಲಿ ಅಂದ್ರಿ ಅಂತ ಕೇಳ್ಬಹುದು."

"ಹಾಗಾದ್ರೆ ನೀವೇ ಕೇಳಿ."

ನೀತಿಯವರು ಬಾಗಿಲ ತನಕ ಹೋಗಿ, ಹೊರಗೆ ಇಣುಕಿ, ವಾಪಸು ಬಂದು ಬೆಂಚಿನ ತುದಿಯಲ್ಲಿ ಕೂತರು. ಎಂಜಿನಿಯರು ಅವರ ಪಕ್ಕ ಕೂತರು. ಅರ್ಥಶಾಸ್ತ್ರದ ಮೇಡಂ ನಾಯಿ ಕಚ್ಚಿದ ಕಾಲನ್ನು ನೀಡಿಕೊಂಡು ಎದುರಿನ ಬೆಂಚು ಹಿಡಿದರು. ಮೇಷ್ಟ್ರು ನಿಂತೇ ಇದ್ದರು. ಜೇಬಿನಲ್ಲಿ ಅಮ್ಮನ ಫೋನು ಬಡಿದುಕೊಂಡು ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು. ಆಮೇಲೆ ಅವರೂ ಕೂತರು.

ಗೋಡೆಯ ಮೇಲಿದ್ದ ಪ್ಲೈವುಡ್ಡಿನ ಗಡಿಯಾರಕ್ಕೆ ಎಂಜಿನಿಯರು ಬರೆದ ಮುಳ್ಳುಗಳಿದ್ದವು. ಅವು ಅಲ್ಲಾಡುವ ಹಾಗಿರಲಿಲ್ಲ. ಕೌಂಟರಿನ ಹಿಂದೆ ಯಾರೂ ಇರಲಿಲ್ಲ.

ಅತ್ತಿಗೆ ಐಸ್ ಪೆಟ್ಟಿಗೆ ತೆರೆದು, ಖಾಲಿ ನಳಿಗೆಯೊಂದನ್ನು ಆರಿಸಿ, ಮೈದುನನ ಬಾಯಿಯ ಹತ್ತಿರ ಹಿಡಿದರು.

"ಹೂಂ, ಕೊಡು."

"ಈಗಲಾ ಅತ್ತಿಗೆ?"

"ಮತ್ತಿನ್ಯಾವಾಗ? ಕಾಯ್ತಾ ಇದೀಯಲ್ಲ."

ಮೇಷ್ಟ್ರು ನಳಿಗೆಗೆ ಬಾಯಿಟ್ಟರು. ನಾಲಗೆ ಹೊರಳಿಸಿದರು, ಗಂಟಲು ಕೆರೆದರು. ಬಾಯಿ ಮರಳುಗಾಡಾಗಿತ್ತು, ಒಂದು ಹನಿಯೂ ಬರಲಿಲ್ಲ.

"ಪರವಾಗಿಲ್ಲ ಬಿಡು, ನಿಧಾನಕ್ಕೆ," ಎಂದರು ಅತ್ತಿಗೆ. ನಳಿಗೆಯನ್ನು ಕೈಯಲ್ಲೇ ಹಿಡಿದುಕೊಂಡು, ಕೋಟು ಒತ್ತರಿಸಿ, ಬೆಂಚಿನಲ್ಲಿ ಉಳಿದ ಚೂರು ಜಾಗದಲ್ಲಿ ಅವರೂ ಕೂತರು.